ಕುಂಕುಮ ಹಚ್ಚಿಸಿಕೊಂಡ ವಾಲ್ವು

ಹೋದ ವಾರ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸುದ್ದಿ ಬಂತು. ಪ್ಲಂಬರ್ ಅಣ್ಣ ಇನ್ನು ಮೇಲೆ ಮಹಡಿ ಹತ್ತುವುದಿಲ್ಲವಂತೆ, ಮಂಡಿ ಸವೆದಿದೆಯಂತೆ, ಗಂಡ ಹೆಂಡತಿ ಇಬ್ಬರೂ ಸೂಲಿಬೆಲೆಯ ಮಗಳ ಮನೆಗೆ ಹೋಗಿ ಹಸು ನೋಡಿಕೊಂಡು ಇರುತ್ತಾರಂತೆ. ಅರ್ಧ ಗಂಟೆಯಲ್ಲಿ ಇಪ್ಪತ್ತೆಂಟು ಜನ ಅಳುವ ಮುಖದ ಚಿತ್ರ ಹಾಕಿದರು. ನಮ್ಮ ಬೀದಿಯಲ್ಲಿರುವುದೇ ಇಪ್ಪತ್ತೆರಡು ಮನೆ. ಗಣಿತದ ಮೇಡಂ ಆದ ತಪ್ಪಿಗೆ ನಾನು ಎಣಿಸಿ ನೋಡಿದೆ. ಹೊಸಕೋಟೆಯಲ್ಲಿ ಶಾಸಕರು ಕ್ಷೇತ್ರ ಬಿಟ್ಟರೂ ಇಷ್ಟು ಕಣ್ಣೀರು ಹರಿಯುತ್ತಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆದರೂ ಯಾರಿಗೂ ಗುರುತು ಸಿಗುವುದಿಲ್ಲ. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಅವರ ಹೆಂಡತಿಯೇ ಫೋನ್ ಎತ್ತಿ, "ಪ್ಲಂಬರ್ ಮನೇಲಿಲ್ಲ, ಯಾರು ಮಾತಾಡೋದು?" ಎನ್ನುತ್ತಿದ್ದರು.

ಕುಳ್ಳಗಿನ ಆಳು. ಮೊಣಕಾಲಿನವರೆಗೆ ಮಡಚಿದ ಪ್ಯಾಂಟು. ಎಡ ಮಣಿಕಟ್ಟಿಗೆ ಬಳೆಯ ಹಾಗೆ ಬಿಳಿ ಟೇಪಿನ ಸುರುಳಿ, ಕಿರುಬೆರಳಿಗೆ ಉಂಗುರದ ಹಾಗೆ ಎರಡು ಮೂರು ರಬ್ಬರ್ ವಾಷರ್. ಇಷ್ಟು ಒಡವೆ ತೊಟ್ಟುಕೊಂಡು, ಹಳೆಯ ಮೊಪೆಡ್ಡಿನ ಮುಂದೆ ಚೀಲ ಇಟ್ಟುಕೊಂಡು ಬರುತ್ತಿದ್ದರು. ಮಹಡಿ ಹತ್ತುವ ಮುಂಚೆ ಜೇಬಿನಿಂದ ಬಾಚಣಿಗೆ ತೆಗೆದು ತಪ್ಪದೆ ತಲೆ ಬಾಚಿಕೊಳ್ಳುವರು. ಮೇಲೆ ಇರುವುದು ನೀರಿನ ಟ್ಯಾಂಕು, ಅದಕ್ಕೆ ಇಷ್ಟು ಶೃಂಗಾರ ಯಾಕಣ್ಣ ಎಂದು ಒಂದು ಸಲ ಕೇಳಿಯೇಬಿಟ್ಟೆ.

"ಮೇಲೆ ಹತ್ತಿದ್ರೆ ಊರೆಲ್ಲ ನೋಡ್ತದೆ ಮೇಡಂ. ಕೆಳಗಡೆ ನೋಡೋಕೆ ನೀವೊಬ್ರೇ," ಎಂದರು.

ಮನೆಯ ನೀರು ಕುಡಿದು ನೋಡದೆ ಆ ಮನೆಯ ಪೈಪಿಗೆ ಕೈ ಹಾಕಿದವರಲ್ಲ. ಕಾಫಿ ಕೊಟ್ಟರೂ ಮೊದಲು ನೀರು ಬೇಕು, ಅದೂ ನಲ್ಲಿಯಿಂದ ನೇರವಾಗಿ. ನಾಲಿಗೆ ಚಪ್ಪರಿಸಿ, "ಬೋರ್‌ವೆಲ್ ನೀರಿಗೆ ಟ್ಯಾಂಕರ್ ನೀರು ಬೆರೆಸಿದೀರ," ಎಂದು ಹೇಳಿದರೆ ಅದು ಸತ್ಯವಾಗಿರುತ್ತಿತ್ತು. ನಮ್ಮ ಯಜಮಾನರಿಗೆ ಇದನ್ನು ಪರೀಕ್ಷೆ ಮಾಡುವ ಹುಮ್ಮಸ್ಸು ಬಂದು, ಅಂಗಡಿಯಿಂದ ತಂದ ಬಾಟಲಿ ನೀರನ್ನು ಗುಟ್ಟಾಗಿ ಲೋಟಕ್ಕೆ ಬಗ್ಗಿಸಿ ಕೊಟ್ಟರು. ಅವರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, "ನನ್ನ ಮೇಲೆ ಏನಾದ್ರೂ ಬೇಜಾರಾ ಸಾರ್?" ಎಂದು ಕೇಳಿದರು. ಯಜಮಾನರು ಒಂದು ವಾರ ಅವರಿಗೆ ಮುಖ ತೋರಿಸಲಿಲ್ಲ.

ಗೋಡೆಯೊಳಗೆ ಪೈಪು ಎಲ್ಲಿ ಸೋರುತ್ತಿದೆ ಎಂದು ಕಂಡುಹಿಡಿಯಲು ಅವರಿಗೆ ಬೇಕಾದದ್ದು ಒಂದು ಸ್ಟೀಲ್ ಲೋಟ. ಅದನ್ನು ಗೋಡೆಗೆ ಬೋರಲು ಹಿಡಿದು, ತಳಕ್ಕೆ ಕಿವಿಯಿಟ್ಟು, ಕಣ್ಣು ಮುಚ್ಚಿ ನಿಲ್ಲುವರು. ಆಗ ಮನೆಯಲ್ಲಿ ಮಿಕ್ಸಿ ಹಾಕುವ ಹಾಗಿಲ್ಲ. ಒಮ್ಮೆ ಹೀಗೆ ನಿಂತವರಿಗೆ ಸೋರುವ ಸದ್ದಿನ ಬದಲು ಪಕ್ಕದ ಮನೆಯ ಗಂಡ ಹೆಂಡಿರ ಜಗಳ ಕೇಳಿಸಿತು. ಲೋಟ ನನ್ನ ಕೈಗೆ ಕೊಟ್ಟು ಸೀದಾ ಅಲ್ಲಿಗೆ ಹೋದರು. ಅಡುಗೆಮನೆಯ ಸಿಂಕು ಕಟ್ಟಿಕೊಂಡದ್ದೇ ಜಗಳದ ಮೂಲವಾಗಿತ್ತು. ಅದನ್ನು ಸರಿಮಾಡಿ, ಇಬ್ಬರಿಗೂ ನಾಲ್ಕು ಬುದ್ಧಿಮಾತು ಹೇಳಿ, ವಾಪಸು ಬಂದು ಲೋಟ ಇಸಿದುಕೊಂಡು ಮತ್ತೆ ಕಣ್ಣು ಮುಚ್ಚಿದರು.

ಇಂಥ ಸಾಧು ಮನುಷ್ಯನಿಗೂ ಲೋಕದಲ್ಲಿ ಒಂದು ವೈರಿ ಇತ್ತು. ಅದು ಬೇಡದ ವಾಲ್ವು. ನೀರನ್ನು ತಡೆಯಲೆಂದು ಪೈಪಿನ ನಡುನಡುವೆ ಕೂರಿಸುತ್ತಾರಲ್ಲ, ತಿರುಗಿಸಲು ಪುಟ್ಟ ಚಕ್ರ ಇರುವ ಹಿತ್ತಾಳೆಯದು, ಅದು. ಮನೆ ಕಟ್ಟಿಸುವವರು ಇರಲಿ ಇರಲಿ ಎಂದು ಕಂಡಕಂಡಲ್ಲಿ ಹಾಕಿಸಿಬಿಡುತ್ತಾರೆ. ಆಮೇಲೆ ಯಾವುದು ಯಾವುದಕ್ಕೆ ಎಂದು ಅವರಿಗೇ ನೆನಪಿರುವುದಿಲ್ಲ. "ವಾಲ್ವು ಜಾಸ್ತಿ ಇರೋ ಮನೇಲಿ ಯಾವ್ದು ಬಿಟ್ಟಿದೆ ಯಾವ್ದು ಬಿಗ್ದಿದೆ ಗೊತ್ತಾಗಲ್ಲ ಮೇಡಂ, ಅತ್ತೆ ಸೊಸೆ ಇರೋ ಮನೆ ಥರ," ಎಂದು ನಮ್ಮತ್ತೆಯ ಎದುರಿಗೇ ಹೇಳಿದ್ದರು. ಕೆಲಸವಿಲ್ಲದ ವಾಲ್ವು ಕಣ್ಣಿಗೆ ಬಿದ್ದರೆ ಬಿಚ್ಚಿ, ಆ ಜಾಗಕ್ಕೆ ನೇರ ಪೈಪು ಕೂಡಿಸಿ, ಬಿಚ್ಚಿದ್ದನ್ನು ಚೀಲಕ್ಕೆ ಹಾಕಿಕೊಳ್ಳುವರು. ಬೇಡದ ವಾಲ್ವನ್ನು ತಮ್ಮ ಕೈಯಾರೆ ಯಾರ ಮನೆಗೂ ಹಾಕುವುದಿಲ್ಲವೆಂದು ಶಪಥ ಮಾಡಿದ್ದರು. ನಮ್ಮ ಮಹಡಿಯ ಮೇಲೆ, ದೊಡ್ಡ ಟ್ಯಾಂಕಿನಿಂದ ಸೋಲಾರಿಗೆ ತಣ್ಣೀರು ಹೋಗುವ ಪೈಪಿನಲ್ಲಿ, ಒಂದರ ಪಕ್ಕ ಒಂದು ಎರಡು ವಾಲ್ವುಗಳಿದ್ದವು. "ಒಂದು ಬಾಗ್ಲಿಗೆ ಎರಡು ಚಿಲ್ಕ ಯಾಕೆ?" ಎಂದು ಒಂದನ್ನು ಬಿಚ್ಚಿಕೊಂಡು ಹೋದರು. ನಾವೂ ತಲೆಯಾಡಿಸಿದೆವು.

ಆದರೆ ಬಚ್ಚಲುಮನೆಯಲ್ಲಿದ್ದ ವಾಲ್ವನ್ನು ಮಾತ್ರ ಮುಟ್ಟಲು ಅವರಿಂದ ಆಗಲಿಲ್ಲ. ಮನೆ ಕಟ್ಟಿಸುವಾಗ ಗೀಸರ್ ಬರುತ್ತದೆಂದು ಎದೆಯೆತ್ತರಕ್ಕೆ ಹಾಕಿಸಿದ್ದು ಅದು. ಗೀಸರ್ ಬರಲಿಲ್ಲ, ಸೋಲಾರ್ ಬಂತು. ಬಿಸಿನೀರಿನ ಪೈಪು ಆ ವಾಲ್ವಿನ ಮೂಲಕವೇ ಹಾದು ಕೆಳಗಿನ ನಲ್ಲಿಗೆ ಬಂತು. ನೀರು ಬಿಡುವುದಕ್ಕೂ ನಿಲ್ಲಿಸುವುದಕ್ಕೂ ನಲ್ಲಿಯಿದೆ, ವಾಲ್ವಿಗೆ ಮೂರು ಕಾಸಿನ ಕೆಲಸವಿಲ್ಲ. ಹೀಗಿದ್ದರೂ ಅದು ನಮ್ಮ ಮನೆಯಲ್ಲಿ ದೇವರಾಗಿತ್ತು.

ಇದು ನಮ್ಮತ್ತೆಯ ಕೆಲಸ. ಈ ಕತೆ ನಡೆದಾಗ ಅವರಿಗೆ ಎಂಬತ್ತು. ದೀಪಾವಳಿಯ ಹಿಂದಿನ ದಿನ ನಮ್ಮ ಕಡೆ ನೀರು ತುಂಬುವ ಹಬ್ಬ. ಬಚ್ಚಲು ತೊಳೆದು, ನೀರು ಕಾಯಿಸುವ ಹಂಡೆಯನ್ನು ಬೆಳಗಿ, ಅದರ ಕತ್ತಿಗೆ ಹಿಂಡ್ಲೆಕಾಯಿ ಬಳ್ಳಿ ಕಟ್ಟಿ, ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿ, ಮಾರನೆಯ ಬೆಳಗಿನ ಎಣ್ಣೆನೀರಿಗೆ ನೀರು ತುಂಬಬೇಕು. ಹೊಸ ಮನೆಗೆ ಬಂದಾಗ ಹಂಡೆ ಒಡೆದಿತ್ತು. ಹಬ್ಬ ಬಂತು, ಬಳ್ಳಿ ಬಂತು, ಕಟ್ಟಲು ಕತ್ತಿಲ್ಲ. ಅತ್ತೆ ಬಚ್ಚಲಲ್ಲಿ ನಿಂತು ನಾಲ್ಕೂ ಗೋಡೆ ನೋಡಿದರು. "ಬಿಸಿನೀರು ಇದ್ರಿಂದ ತಾನೆ ಬರೋದು?" ಎಂದು ವಾಲ್ವಿನ ಕತ್ತಿಗೆ ಬಳ್ಳಿ ಕಟ್ಟಿಬಿಟ್ಟರು. ಅಲ್ಲಿಂದ ಹನ್ನೊಂದು ವರ್ಷ ಆ ಕೆಲಸಗೇಡಿ ವಾಲ್ವು ನೈವೇದ್ಯ ತಿಂದುಕೊಂಡು ಸುಖವಾಗಿತ್ತು.

ನಮ್ಮ ಮಗಳ ಮದುವೆಯಾದ ವರ್ಷ ಅದರ ಚಕ್ರದ ಬುಡದಲ್ಲಿ ನೀರು ಜಿನುಗಲು ಶುರುವಾಯಿತು. ಹಬ್ಬಕ್ಕೆ ಹತ್ತು ದಿನ ಇತ್ತು. ಪ್ಲಂಬರ್ ಅಣ್ಣ ಬಂದರು, ನೀರು ಕುಡಿದರು, ನೋಡಿದರು.

"ಇದು ಒಳಗಡೆ ತಿಂದೋಗಿದೆ ಅಮ್ಮಾ. ಬಿಚ್ಚಿ ಬಿಸಾಕಿ ನೇರ ಪೈಪ್ ಕೂರಿಸ್ಬಿಡ್ತೀನಿ. ಇದ್ರಿಂದ ಏನೂ ಉಪ್ಯೋಗ ಇಲ್ಲ."

"ಹಬ್ಬ ಆಗ್ಲಿ," ಎಂದರು ನಮ್ಮತ್ತೆ.

"ಹಬ್ಬದ ದಿನಾನೇ ಕೈ ಕೊಡ್ತದೆ, ನೋಡ್ತಿರಿ."

"ಅಪಶಕುನ ನುಡೀಬೇಡ ಕಣಪ್ಪ. ಅಳಿಯಂದ್ರು ಮೊದಲ್ನೇ ಹಬ್ಬಕ್ಕೆ ಬರ್ತಾವ್ರೆ. ಆ ಹುಡುಗ ಇದೇ ನೀರಲ್ಲಿ ಎರ್ಕೋಬೇಕು. ನನ್ನ ಕೈಯಾರೆ ಎಣ್ಣೆ ಹಚ್ಚಿ ನೀರು ಹುಯ್ತೀನಿ ಅಂತ ಅವನ ಅಮ್ಮನಿಗೆ ಮಾತು ಕೊಟ್ಟಿದೀನಿ."

ಮೊದಲ ದೀಪಾವಳಿಗೆ ಬಂದ ಅಳಿಯನಿಗೆ ಎಣ್ಣೆನೀರು ಕೆಟ್ಟರೆ ನಮ್ಮ ಕಡೆ ಅದನ್ನು ಮೊಮ್ಮಕ್ಕಳ ಕಾಲದವರೆಗೆ ಹೇಳಿಕೊಂಡು ತಿರುಗುತ್ತಾರೆ. ಹಾಗಾಗಿ ಪ್ಲಂಬರ್ ಅಣ್ಣ ಜಿನುಗುವ ಕಡೆ ಒಂದಿಷ್ಟು ಸೆಣಬು ಸುತ್ತಿ ಹೋದರು.

ನೀರು ತುಂಬುವ ಹಬ್ಬದ ದಿನ ಅಳಿಯ ಮಧ್ಯಾಹ್ನಕ್ಕೆ ಬಂದ. ಅರಿಶಿನಕುಂಟೆಯಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಹುಡುಗ, ಆರಡಿ ಎತ್ತರ, ಮಾತು ಕಮ್ಮಿ. ಬೆಳಿಗ್ಗೆಯೇ ಟ್ಯಾಂಕು ತೊಳೆಸಿ ತುಂಬಿಸಿದ್ದೆವು. ಸಂಜೆ ಐದಕ್ಕೆ ಪೂಜೆ. ಅತ್ತೆ ಬಳ್ಳಿ ಕಟ್ಟಿದರು, ಚಕ್ರಕ್ಕೆ ಅರಿಶಿನ ಹಚ್ಚಿ ನಡುವೆ ಕುಂಕುಮ ಇಟ್ಟರು, ಮಂಗಳಾರತಿ ಎತ್ತಿದರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ ಕುಂಕುಮದ ಬೊಟ್ಟು ಒಂದು ಚೂರು ಓರೆಯಾಗಿ ಕಂಡಿತು. ದೇವರ ಮುಖ ಸೊಟ್ಟಗಿರಬಾರದೆಂದು ಚಕ್ರವನ್ನು ಹಿಡಿದು ಮೆಲ್ಲಗೆ ತಿರುಗಿಸಿದರು. ಚಕ್ರ, ಅದರ ಕಡ್ಡಿ, ಬಳ್ಳಿ, ಎಲ್ಲ ಸೇರಿ ಅವರ ಕೈಗೇ ಬಂತು. ಹಿಂದೆಯೇ ನೀರು ಬಂತು.

ಎರಡು ದಿನದಿಂದ ಮೋಡ ಕವಿದು ನೀರು ಉಗುರುಬೆಚ್ಚಗೆ ಇದ್ದದ್ದು ನಮ್ಮ ಪುಣ್ಯ. ಯಾರಿಗೂ ಸುಡಲಿಲ್ಲ, ಎಲ್ಲರಿಗೂ ಸ್ನಾನವಾಯಿತು. ಅತ್ತೆ ರೇಷ್ಮೆ ಸೀರೆಯಲ್ಲಿ ತೊಯ್ದು ನಿಂತಿದ್ದರು, ಕೈಯಲ್ಲಿ ಚಕ್ರ. ಯಜಮಾನರು ಟವೆಲ್ ಒತ್ತಿ ಹಿಡಿದರು. ನಾನು ಫೋನ್ ಮಾಡಿದೆ. ಹತ್ತು ನಿಮಿಷದಲ್ಲಿ ಪ್ಲಂಬರ್ ಅಣ್ಣ ಬಂದು, ಚೀಲ ಕೆಳಗಿಟ್ಟು, ಟವೆಲ್ ಕಿತ್ತೆಸೆದು ವಾಲ್ವಿನ ತೂತಿಗೆ ಹೆಬ್ಬೆರಳು ಒತ್ತಿದರು. ನೀರು ನಿಂತಿತು. ಆ ಹೊತ್ತಿನಲ್ಲಿ ಅವರ ಮುಖದಲ್ಲಿದ್ದ ಗತ್ತನ್ನು ನೋಡಬೇಕಿತ್ತು.

"ಸಾರ್, ಮೇಲೆ ಹೋಗಿ ಸೋಲಾರ್‌ಗೆ ತಣ್ಣೀರು ಹೋಗೋ ವಾಲ್ವು ಬಿಗೀರಿ. ಅದು ನಿಂತ್ರೆ ಇದೂ ನಿಲ್ತದೆ. ಐದು ನಿಮಿಷದ ಕೆಲ್ಸ."

ಯಜಮಾನರು ಮೇಲೆ ಓಡಿದರು. ಮಗಳು ಮೆಟ್ಟಿಲಿನ ನಡುವೆ ನಿಂತು ಮೇಲಿನ ಮಾತನ್ನು ಕೆಳಕ್ಕೂ ಕೆಳಗಿನದನ್ನು ಮೇಲಕ್ಕೂ ಸಾಗಿಸತೊಡಗಿದಳು.

"ಅಣ್ಣಾ, ಅಪ್ಪ ತಿರುಗಿಸ್ತಾನೇ ಇದಾರಂತೆ, ಅದು ಸುತ್ತುತ್ತಾನೇ ಇದೆಯಂತೆ."

"ತಿರುಪಿನ ಮರೆ ಸವೆದೋಗಿದೆ. ಪರ್ವಾಗಿಲ್ಲ, ಅದ್ರ ಪಕ್ಕದ್ದು ಬಿಗೀರಿ ಅನ್ನಮ್ಮ."

ಮಗಳು ಹೇಳಿದಳು. ಮೇಲಿನಿಂದ ಬಂದ ಉತ್ತರ ಮೆಟ್ಟಿಲಿನ ಸಹಾಯವಿಲ್ಲದೆ ನೇರವಾಗಿ ಬಚ್ಚಲಿಗೇ ಕೇಳಿಸಿತು.

"ಪಕ್ಕದ್ದನ್ನ ಬೇಡ ಅಂತ ನೀವೇ ಬಿಚ್ಕೊಂಡು ಹೋದ್ರಲ್ರೀ."

ಪ್ಲಂಬರ್ ಅಣ್ಣನ ಹೆಬ್ಬೆರಳು ಅಲ್ಲಾಡಲಿಲ್ಲ, ಮುಖ ಮಾತ್ರ ಇಳಿಯಿತು. ನನಗೆ ನಗು ಬಂತು, ನಗಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅವರು ಗೋಡೆ ನೋಡುತ್ತ ತಮ್ಮಷ್ಟಕ್ಕೆ, "ಒಂದು ಬಾಗ್ಲಿಗೆ ಎರಡು ಚಿಲ್ಕ," ಎಂದರು. ಇನ್ನೇನು ಮಾಡುವುದು? ಹೆಬ್ಬೆರಳು ತೆಗೆದರೆ ಸೋಲಾರು, ಟ್ಯಾಂಕು ಎರಡೂ ಖಾಲಿ. ಮಾರನೆಯ ದಿನಕ್ಕೆ ನೀರೇ ಇಲ್ಲ, ಇನ್ನು ಬಿಸಿನೀರಿನ ಮಾತೆಲ್ಲಿ? ತೆಗೆಯದಿದ್ದರೆ ಅವರು ಅಲ್ಲೇ ನಿಂತು ಹಬ್ಬ ಮಾಡಬೇಕು. ಬೇರೆ ಯಾವ ದಾರಿಯೂ ಹೊಳೆಯದೆ ಅತ್ತೆ ಒಂದು ಕಜ್ಜಾಯ ತಂದು ಅವರ ಬಾಯಿಗಿಟ್ಟರು.

ಆಗ ಅಳಿಯ ಬಾಯಿ ಬಿಟ್ಟ. ಬಂದಾಗಿನಿಂದ ಅವನಾಡಿದ ಮೊದಲ ಪೂರ್ತಿ ವಾಕ್ಯ ಅದೇ ಇರಬೇಕು. "ಟ್ಯಾಂಕಿನ ಒಳಗಡೆಯಿಂದ ತೂತು ಮುಚ್ಚಿದ್ರೆ ಆಗಲ್ವಾ?"

ಪ್ಲಂಬರ್ ಅಣ್ಣ ಕಜ್ಜಾಯ ನುಂಗಿ, ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. "ಆಗ್ತದೆ. ಯಾರಾದ್ರೂ ಎತ್ತರ ಇರೋರು ಇಳೀಬೇಕು."

ನಮ್ಮತ್ತೆ ಬೇಡಪ್ಪ ಬೇಡಪ್ಪ ಎನ್ನುತ್ತಿದ್ದ ಹಾಗೇ ಅವನು ಹೊಸ ಅಂಗಿ ಕಳಚಿ, ಪಂಚೆ ಎತ್ತಿ ಕಟ್ಟಿ, ಕಾಲು ತೊಳೆದುಕೊಂಡು ಮೇಲೆ ಹೋಗಿಯೇಬಿಟ್ಟ. ಕರಿ ಟ್ಯಾಂಕಿನ ಬಾಯಿಯಲ್ಲಿ ಇಳಿದು, ಸೋಲಾರಿಗೆ ನೀರು ಹೋಗುವ ತೂತಿಗೆ ಹಿಮ್ಮಡಿ ಒತ್ತಿ ನಿಂತ. ಹೊರಗೆ ಅವನ ತಲೆ ಮಾತ್ರ ಕಾಣುತ್ತಿತ್ತು. ಎದುರು ಮಹಡಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ಹೆಂಗಸು ಅದನ್ನು ನೋಡಿ ಬಕೆಟ್ಟನ್ನು ಅಲ್ಲೇ ಬಿಟ್ಟು ಗಂಡನನ್ನು ಕರೆಯಲು ಓಡಿದಳು. ಹೀಗೆ ಮೇಲೆ ಅಳಿಯ ಹಿಮ್ಮಡಿ ಒತ್ತಿಕೊಂಡು, ಕೆಳಗೆ ಪ್ಲಂಬರು ಹೆಬ್ಬೆರಳು ಒತ್ತಿಕೊಂಡು ನಮ್ಮ ಮನೆಯ ನೀರನ್ನು ಹಿಡಿದು ನಿಲ್ಲಿಸಿದ್ದರು. ಸರಿಯಾಗಿ ಅದೇ ಹೊತ್ತಿಗೆ ಅಳಿಯನ ತಾಯಿಯ ಫೋನ್ ಬಂತು. ಅತ್ತೆಯೇ ಎತ್ತಿದರು.

"ಹಬ್ಬ ಹೆಂಗೆ ನಡೀತಿದೆ ದೊಡ್ಡಮ್ಮ? ನಮ್ಮ ಹುಡ್ಗ ಏನ್ಮಾಡ್ತಾವ್ನೆ?"

"ನೀರು ತುಂಬೋ ಹಬ್ಬ ಅಲ್ವೇನವ್ವ, ನೀರಿನ ಕೆಲ್ಸದಲ್ಲೇ ಅವನೆ," ಎಂದರು ಅತ್ತೆ. ಅವರ ಬಾಯಿಂದ ಸುಳ್ಳು ಬಂದದ್ದನ್ನು ನಾನು ಕೇಳಿಲ್ಲ, ಅವತ್ತೂ ಕೇಳಲಿಲ್ಲ.

ನೀರು ನಿಂತ ಮೇಲೆ ಪ್ಲಂಬರ್ ಅಣ್ಣ ಹೆಬ್ಬೆರಳು ತೆಗೆದು, ಒಡೆದ ವಾಲ್ವಿನ ಮೈಗೆ ಸ್ಪ್ಯಾನರ್ ಹಾಕಿದರು. ಅತ್ತೆ ಅಡ್ಡ ಬಂದರು. ಪೂಜೆ ಮಾಡಿ ಕೂರಿಸಿದ್ದನ್ನು ಎಣ್ಣೆನೀರು ಆಗುವವರೆಗೆ ಕದಲಿಸುವ ಹಾಗಿಲ್ಲ. ಕದಲಿಸಲೇಬೇಕೆಂದರೆ ಆ ಜಾಗ ಬರಿದಾಗಿರಬಾರದು, ಅಲ್ಲಿ ಇನ್ನೊಂದು ವಾಲ್ವೇ ಕೂರಬೇಕು.

"ನೇರ ಪೈಪ್ ಸಾಕು ಅಮ್ಮಾ. ಕೆಲ್ಸಕ್ಕೆ ಬಾರದ ವಾಲ್ವನ್ನ ನನ್ನ ಕೈಯಾರೆ ಹಾಕು ಅಂತೀರಾ? ನಾನು ಯಾರ ಮನೇಲೂ ಹಾಕ್ದೋನಲ್ಲ."

"ಮೇಲಿಂದ ಕಿತ್ಕೊಂಡು ಹೋದ್ಯಲ್ಲ, ಅದೂ ಕೆಲ್ಸಕ್ಕೆ ಬಾರದ್ದೇ ಅಲ್ವಾ?"

ಅವರು ಕುಕ್ಕರಗಾಲಲ್ಲಿ ಕೂತು, ಚೀಲದಿಂದ ಗಟ್ಟಿಮುಟ್ಟಾದ ಹಿತ್ತಾಳೆಯ ವಾಲ್ವೊಂದನ್ನು ತೆಗೆದು, ಪಂಚೆಯ ಚೂರಿನಲ್ಲಿ ಉಜ್ಜಿದರು. ಸೆಣಬು ಸುತ್ತಿ, ಟೇಪು ಸುತ್ತಿ, ಬಿಗಿದು, ಕೊನೆಗೆ ಚಕ್ರವನ್ನು ತಿರುಗಿಸಿ ತಿರುಗಿಸಿ ನೋಡಿ, "ಅಮ್ಮಾ, ಮುಖ ನೇರ ಇದ್ಯಾ?" ಎಂದು ಕೇಳಿದರು. ಅತ್ತೆ ಕುಂಕುಮ ಇಟ್ಟರು. ಆಮೇಲೆ ಪ್ಲಂಬರ್ ಅಣ್ಣ ಮೇಲೆ ಹತ್ತಿ ಅಲ್ಲಿಯೂ ಎರಡು ವಾಲ್ವು ಕೂರಿಸಿದರು. ಅವತ್ತು ತಲೆ ಬಾಚಿಕೊಳ್ಳಲಿಲ್ಲ. ಅಷ್ಟು ಹೊತ್ತೂ ಅಳಿಯ ಟ್ಯಾಂಕಿನಲ್ಲೇ ಇದ್ದ. ಮಗಳು ಅವನಿಗೂ ಕಜ್ಜಾಯ ತಿನ್ನಿಸುತ್ತಿದ್ದಳು, ಇಬ್ಬರಿಗೂ ಬಿದ್ದು ಬಿದ್ದು ನಗು.

ಆದರೆ ಸೋಲಾರಿನಲ್ಲಿ ಈಗ ಇದ್ದದ್ದು ತಣ್ಣೀರು. ಸೂರ್ಯ ಮುಳುಗಿದ್ದ. ಸೋಲಾರಿನೊಳಗೆ ನೀರು ಕಾಯಿಸುವ ಕರೆಂಟ್ ಕಾಯಿಲನ್ನು ಹಾಕಿ ಬಿಟ್ಟು, ಹೊರಡುವಾಗ ಗೇಟಿನ ಹತ್ತಿರ ಅವರು ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು. "ಮೇಡಂ, ಬೆಳಿಗ್ಗೆ ಬಿಸಿನೀರು ಬರ್ಲಿಲ್ಲ ಅಂದ್ರೆ ನಾನು ಇನ್ಮೇಲೆ ಸ್ಪ್ಯಾನರ್ ಮುಟ್ಟಲ್ಲ. ಬೇಕು ಬೇಡ ಗೊತ್ತಾಗದೋನು ಈ ಕೆಲ್ಸ ಮಾಡ್ಬಾರ್ದು." ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಸಂಜೆಯೆಲ್ಲ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಬೆಳಗಿನ ಐದಕ್ಕೆ ಬಾಗಿಲು ತೆರೆದು ರಂಗೋಲಿ ಹಾಕಲು ಹೋದರೆ ಗೇಟಿನ ಹೊರಗೆ ಮೊಪೆಡ್ ಮೇಲೆ ಕೂತಿದ್ದರು. ಯಾವಾಗ ಬಂದಿರೆಂದರೆ ಈಗ ತಾನೇ ಎಂದರು. ಸೀಟಿನ ಮೇಲೆ ಇಬ್ಬನಿ ಇತ್ತು, ಅವರು ಕೂತ ಜಾಗ ಒಣಗಿತ್ತು. ಒಳಗೆ ಕರೆದೆ. ಬಚ್ಚಲ ಬಾಗಿಲ ಹೊರಗೆ ಗೋಡೆಗೊರಗಿ ನಿಂತರು. ಅಳಿಯನನ್ನು ಮಣೆಯ ಮೇಲೆ ಕೂರಿಸಿ ಅತ್ತೆ ಎಣ್ಣೆ ಹಚ್ಚಿದರು, ಮಗಳು ಆರತಿ ಎತ್ತಿದಳು. ಅತ್ತೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರು. ಮೊದಲು ತಣ್ಣೀರು ಬಂತು. ಪೈಪಿನಲ್ಲಿ ನಿಂತ ನೀರು ಹರಿದು ಹೋಗುವವರೆಗೆ ಹಾಗೆ ಬರುವುದು ಮಾಮೂಲೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ಅವರು ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ಬಚ್ಚಲ ಬಾಗಿಲಿಂದ ಹಬೆ ಹೊರಗೆ ಬಂತು. ಚೊಂಬಿನ ಮೇಲೆ ಚೊಂಬು ಹುಯ್ಯುವ ಸದ್ದು, ನಡುವೆ ಅಳಿಯನ ದನಿ: "ಅಜ್ಜೀ, ಸುಡ್ತದೆ."

ಆ ಹುಡುಗ ಗೊಣಗಿದ್ದನ್ನು ಇಷ್ಟು ಸಂತೋಷದಿಂದ ಕೇಳಿಸಿಕೊಂಡವರು ಬೇರೆ ಯಾರೂ ಇರಲಾರರು. ಪ್ಲಂಬರ್ ಅಣ್ಣ ಕಣ್ಣು ಬಿಟ್ಟು, ಬರ್ತೀನಿ ಮೇಡಂ ಎಂದು ಚಪ್ಪಲಿ ಹುಡುಕತೊಡಗಿದರು. ಅಳಿಯ ಹೊರಗೆ ಬಂದ. ಅವನ ಹಿಂದೆ ಎಣ್ಣೆ ಬಟ್ಟಲು ಹಿಡಿದು ಅತ್ತೆ.

"ಎಲ್ಲಿಗೆ ಹೊರಟೆ? ಕೂತ್ಕೋ."

"ಮನೇಲಿ ಎರ್ಕೋತೀನಿ ಬಿಡಮ್ಮ."

"ನಿಮ್ಮನೇಲಿ ಯಾರು ಹಚ್ತಾರೆ ನಿಂಗೆ ಎಣ್ಣೆ?"

ಅವರು ಅಂಗಿ ತೆಗೆದು, ಟವೆಲ್ ಸುತ್ತಿಕೊಂಡು, ಆ ವಯಸ್ಸಿನಲ್ಲಿ ಸಂಕೋಚದಿಂದ ಮುದುರಿಕೊಂಡು ಮಣೆಯ ಮೇಲೆ ಕೂತರು. ಅತ್ತೆ ನೆತ್ತಿಗೆ ಎಣ್ಣೆ ಇಟ್ಟು ಚೆನ್ನಾಗಿ ತಟ್ಟಿದರು. ತಟ್ಟುತ್ತಲೇ, ಕೊನೆಯ ಸಲ ನಿನ್ನ ತಲೆಗೆ ಯಾರಾದರೂ ಎಣ್ಣೆ ಹಚ್ಚಿದ್ದು ಯಾವಾಗ ಎಂದು ಕೇಳಿದರು.

"ಮದ್ವೆ ದಿನ ಕಣಮ್ಮ. ಎಣ್ಣೆ ಹಚ್ಚಿ ಕೂರಿಸಿದ್ರು, ನೀರು ನಿಂತೋಯ್ತು. ಛತ್ರದ ತುಂಬ ವಾಲ್ವು. ಯಾವ್ದು ಯಾವ್ದಕ್ಕೆ ಅಂತ ಒಬ್ರಿಗೂ ಗೊತ್ತಿಲ್ಲ. ನಾನೇ ಎದ್ದೋಗಿ ಒಂದೊಂದೇ ತಿರುಗಿಸ್ದೆ. ಯಾವ್ದರಲ್ಲೂ ಬರ್ಲಿಲ್ಲ. ಮುಹೂರ್ತ ಆಗೋಗ್ತದೆ ಅಂತ ಎಣ್ಣೆ ತಲೇಲೇ ತಾಳಿ ಕಟ್ದೆ."

ನಾವೆಲ್ಲ ನಕ್ಕೆವು. ಅವರೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಅವರನ್ನು ಎಬ್ಬಿಸಿ ಬಚ್ಚಲಿಗೆ ಕರೆದುಕೊಂಡು ಹೋಗಿ, ನಲ್ಲಿಯನ್ನು ಪೂರ್ತಿ ತಿರುಗಿಸಿ ಹುಯ್ಯಲು ಶುರು ಮಾಡಿದರು. ಒಂದು ಚೊಂಬು, ಹತ್ತು ಚೊಂಬು, ಆಮೇಲೆ ನಾನೂ ಎಣಿಸುವುದನ್ನು ಬಿಟ್ಟೆ. ಸೀಗೆಪುಡಿ ತೊಳೆದು ಎಷ್ಟೋ ಹೊತ್ತಾಗಿತ್ತು.

"ಸಾಕು ಅಮ್ಮಾ, ಸಾಕು. ಮನೆಯೋರಿಗೆ ನೀರು ಉಳಿಯಲ್ಲ."

"ಸುಮ್ನೆ ಕೂತ್ಕೋ," ಎಂದರು ನಮ್ಮತ್ತೆ, ಮತ್ತೊಂದು ಚೊಂಬು ಎತ್ತುತ್ತ. "ಆವತ್ತಿಂದೂ ಸೇರ್ಸಿ ಹುಯ್ತಾ ಇದೀನಿ."

ಆ ದೀಪಾವಳಿಗೆ ಮಿಕ್ಕವರೆಲ್ಲ ತಣ್ಣೀರಿನಲ್ಲೇ ಎರೆದುಕೊಂಡೆವು.